ನೆಲದಡಿಯ ಮಳೆನೀರು ತೊಟ್ಟಿ: ತಪಾಸಣೆ ಮತ್ತು ನಿರ್ವಹಣೆಯ ಸಮಗ್ರ ಮಾರ್ಗದರ್ಶಿ

ಪಾರ್ಕಿಂಗ್ ಜಾಗದ ಕೆಳಗೋ ಆಟದ ಮೈದಾನದ ಅಡಿಯಲ್ಲೋ ಹೂತಿಟ್ಟ ಮಳೆನೀರಿನ ತೊಟ್ಟಿಯ ದೊಡ್ಡ ತೊಂದರೆ ಅಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಕೆಟ್ಟರೂ ಗೊತ್ತಾಗುವುದಿಲ್ಲ. ಮೇಲೆ ಕಾರುಗಳು ನಿಂತಿರುತ್ತವೆ, ಕೆಳಗೆ ವರ್ಷಗಟ್ಟಲೆ ಹೂಳು ಕೂರುತ್ತಿರುತ್ತದೆ. ಒಂದು ದಿನ ಜೋರು ಮಳೆಗೆ ಅಂಗಳದಲ್ಲಿ ನೀರು ನಿಂತಾಗ "ಇಲ್ಲೊಂದು ತೊಟ್ಟಿ ಇತ್ತಲ್ವಾ?" ಎಂದು ಯಾರಿಗೋ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ಖರ್ಚು ಕೈಮೀರಿರುತ್ತದೆ.

ಎರಡು ಅಳತೆಗಳನ್ನು ತಪ್ಪದೆ ತೆಗೆದು ಬರೆದಿಟ್ಟರೆ ಇದನ್ನು ತಪ್ಪಿಸಬಹುದು. ಒಂದು, ಒಳಗೆ ಹೂಳು ಎಷ್ಟು ದಪ್ಪ ಕೂತಿದೆ. ಇನ್ನೊಂದು, ತುಂಬಿದ ನೀರು ಎಷ್ಟು ಹೊತ್ತಿನಲ್ಲಿ ಇಳಿಯುತ್ತದೆ. ಉಳಿದ ತಪಾಸಣೆಯ ಬಹುಪಾಲು ಈ ಎರಡು ಅಂಕಿಗಳು ಯಾಕೆ ಬದಲಾದವು ಎಂದು ಹುಡುಕುವ ಕೆಲಸವೇ. ಕಟ್ಟಡದ ನಿರ್ವಹಣೆ ನೋಡಿಕೊಳ್ಳುವವರು, ನಿವಾಸಿಗಳ ಸಂಘದವರು, ಈ ಕೆಲಸಕ್ಕೆ ಹೊಸದಾಗಿ ಬಂದ ತಂತ್ರಜ್ಞರು ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಹಂತ 1: ನಿಮ್ಮ ತೊಟ್ಟಿ ಯಾವ ಬಗೆಯದು ಅಂತ ತಿಳಿದುಕೊಳ್ಳಿ

ಕೆಲಸದ ದೃಷ್ಟಿಯಿಂದ ಮೂರು ಬಗೆ. ಮೊದಲನೆಯದು ಹಿಡಿದಿಟ್ಟು ನಿಧಾನವಾಗಿ ಬಿಡುವ ತೊಟ್ಟಿ. ಜೋರು ಮಳೆಯ ನೀರನ್ನು ತುಂಬಿಕೊಂಡು, ಹೊರದಾರಿಯ ಸಣ್ಣ ರಂಧ್ರದ ಮೂಲಕ ಚರಂಡಿಗೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಎರಡನೆಯದು ಇಂಗಿಸುವ ತೊಟ್ಟಿ. ಇದರ ತಳ ತೆರೆದಿರುತ್ತದೆ, ನೀರು ಜಲ್ಲಿಯ ಮೂಲಕ ಮಣ್ಣಿಗೆ ಇಳಿಯುತ್ತದೆ. ಮೂರನೆಯದು ನೀರನ್ನು ಕೂಡಿಟ್ಟು ಗಿಡಗಳಿಗೋ ಶೌಚಾಲಯಕ್ಕೋ ಬಳಸುವ ತೊಟ್ಟಿ. ಇದರಲ್ಲಿ ಪಂಪು, ನೀರಿನ ಮಟ್ಟ ನೋಡಿ ಪಂಪನ್ನು ಚಾಲೂ-ಬಂದ್ ಮಾಡುವ ಫ್ಲೋಟ್ ಸ್ವಿಚ್ಚು, ಫಿಲ್ಟರು ಇರುತ್ತವೆ.

ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಕಂಡದ್ದರ ಅರ್ಥವೇ ತಪ್ಪಾಗುತ್ತದೆ. ಕೂಡಿಡುವ ತೊಟ್ಟಿಯಲ್ಲಿ ಮೂರನೇ ದಿನ ನೀರು ಇದ್ದರೆ ಸಂತೋಷ. ಇಂಗಿಸುವ ತೊಟ್ಟಿಯಲ್ಲಿ ಅದೇ ನೀರು ರೋಗದ ಲಕ್ಷಣ.

ಕಟ್ಟಿದ ವಸ್ತುವೂ ಮುಖ್ಯ. ಕಾಂಕ್ರೀಟ್ ಪೆಟ್ಟಿಗೆ, ಸುಕ್ಕುಗಟ್ಟಿದ ಉಕ್ಕಿನ ಪೈಪು, ದೊಡ್ಡ ಪ್ಲಾಸ್ಟಿಕ್ ಪೈಪು, ಕಮಾನಿನಾಕಾರದ ಪ್ಲಾಸ್ಟಿಕ್ ಚೇಂಬರು, ಒಂದರ ಮೇಲೊಂದು ಜೋಡಿಸಿದ ಪ್ಲಾಸ್ಟಿಕ್ ಕ್ರೇಟು, ಬರೀ ಜಲ್ಲಿ ತುಂಬಿದ ಗುಂಡಿ. ಕಾಂಕ್ರೀಟ್ ಪೆಟ್ಟಿಗೆಯೊಳಗೆ ಓಡಾಡುವಷ್ಟು ಜಾಗ ಇರುತ್ತದೆ. ಕ್ರೇಟಿನೊಳಗೆ ಕ್ಯಾಮೆರಾ ಹೋಗುವಂಥ ಸುರಂಗ ಇದ್ದರೆ ಪುಣ್ಯ. ಜಲ್ಲಿ ಗುಂಡಿಯೊಳಗೆ ಏನೂ ಹೋಗುವುದಿಲ್ಲ, ಅಲ್ಲಿ ತಪಾಸಣೆಯ ಪೈಪೊಂದೇ (ನೋಡಲು, ಅಳೆಯಲು ಮೇಲಿನಿಂದ ತಳದವರೆಗೆ ನೆಟ್ಟಗೆ ಇಳಿಸಿದ ಕೊಳವೆ) ಕಣ್ಣು. ಕಮಾನು ಚೇಂಬರುಗಳಲ್ಲಿ ಸಾಮಾನ್ಯವಾಗಿ ಮೊದಲ ಸಾಲಿನ ಸುತ್ತ ಜಿಯೋಟೆಕ್ಸ್‌ಟೈಲ್ (ನೀರನ್ನು ಬಿಟ್ಟು ಹೂಳನ್ನು ತಡೆಯುವ) ಬಟ್ಟೆ ಸುತ್ತಿ, ಹೂಳೆಲ್ಲ ಆ ಸಾಲಿನಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ನಿಮ್ಮಲ್ಲಿ ಅಂಥ ಸಾಲು ಇದ್ದರೆ ಅದು ಎಲ್ಲಿದೆ ಅಂತ ಮೊದಲು ಪತ್ತೆ ಮಾಡಿ. ತಪಾಸಣೆಯ ಮುಕ್ಕಾಲು ಪಾಲು ನಡೆಯುವುದು ಅಲ್ಲೇ.

ಹಂತ 2: ಕಾಗದ ಒಟ್ಟು ಮಾಡಿ

ಕಟ್ಟಿದ ಮೇಲೆ ತಯಾರಿಸಿದ ನಕ್ಷೆ ಬೇಕು. ಕಟ್ಟುವ ಮುಂಚಿನ ನಕ್ಷೆ ನಂಬಬೇಡಿ, ಕೆಲಸ ನಡೆಯುವಾಗ ಪೈಪುಗಳು ಜಾಗ ಬದಲಿಸುತ್ತವೆ. ಆ ನಕ್ಷೆಯಲ್ಲಿ ಹುಡುಕಬೇಕಾದ್ದು ಇಷ್ಟು: ಪ್ರತಿ ಮ್ಯಾನ್‌ಹೋಲಿನ ಜಾಗ, ಮುಚ್ಚಳದ ಅಂಚಿನಿಂದ ತಳದವರೆಗಿನ ಆಳ, ಒಳಬರುವ ಮತ್ತು ಹೊರಹೋಗುವ ಪೈಪುಗಳ ತಳಮಟ್ಟ, ಹೊರದಾರಿ ರಂಧ್ರದ ವ್ಯಾಸ, ಓವರ್‌ಫ್ಲೋ (ತೊಟ್ಟಿ ತುಂಬಿ ಮಿಕ್ಕ ನೀರು ಹೋಗುವ ದಾರಿ) ಎತ್ತರ, ಮೇಲಿನ ಮಣ್ಣಿನ ದಪ್ಪ ಮತ್ತು ಅದರ ಮೇಲೆ ಎಷ್ಟು ಭಾರದ ವಾಹನ ಹೋಗಬಹುದು ಎಂಬುದು.

ನಕ್ಷೆ ಕಳೆದುಹೋಗಿದ್ದರೆ ತೊಟ್ಟಿ ಸ್ವಚ್ಛವಾದ ಮೊದಲ ದಿನವೇ ಎಲ್ಲವನ್ನೂ ಅಳೆದು ನಿಮ್ಮದೇ ನಕ್ಷೆ ಮಾಡಿಕೊಳ್ಳಿ. ಹೂಳಿಲ್ಲದ ತಳ ಎಷ್ಟು ಆಳದಲ್ಲಿದೆ ಎಂಬ ಒಂದು ಅಂಕಿ ಇಲ್ಲದೆ ಮುಂದಿನ ಯಾವ ಅಳತೆಗೂ ಅರ್ಥವಿಲ್ಲ.

ಹೊಸ ತೊಟ್ಟಿಯನ್ನು ಗುತ್ತಿಗೆದಾರರಿಂದ ವಶಕ್ಕೆ ಪಡೆಯುತ್ತಿದ್ದೀರಾ? ಹಾಗಿದ್ದರೆ ಸಹಿ ಹಾಕುವ ಮುಂಚೆ ಒಳಗೆ ಕ್ಯಾಮೆರಾ ಬಿಡಿಸಿ. ತೊಟ್ಟಿಗೆ ಜಾಸ್ತಿ ಹೂಳು ಸೇರುವುದು ಕಟ್ಟಡದ ಕೆಲಸ ನಡೆಯುವಾಗ. ಸುತ್ತಲಿನ ಮಣ್ಣಿಗೆ ಇನ್ನೂ ಹುಲ್ಲು ಹತ್ತಿರುವುದಿಲ್ಲ, ಒಂದೊಂದು ಮಳೆಗೂ ಕೆಸರು ಹರಿದು ಒಳಗೆ ಹೋಗುತ್ತದೆ. ನೆಲ ಗಟ್ಟಿಯಾಗುವವರೆಗೆ ಒಳದಾರಿ ಪೈಪುಗಳಿಗೆ ಬಿರಡೆ ಹಾಕಿಟ್ಟಿದ್ದರಾ ಅಂತ ಕೇಳಿ. ಇಂಗಿಸುವ ತೊಟ್ಟಿಯಾದರೆ ಈ ಪ್ರಶ್ನೆ ಇನ್ನೂ ಮುಖ್ಯ. ಕೆಲಸದ ದಿನಗಳ ಕೆಸರು ಒಮ್ಮೆ ತಳಕ್ಕೆ ಮೆತ್ತಿಕೊಂಡರೆ ಆ ತೊಟ್ಟಿ ಉದ್ಘಾಟನೆಗೆ ಮುಂಚೆಯೇ ಮುದಿಯಾಗಿರುತ್ತದೆ.

ಹಂತ 3: ಒಳಗೆ ಇಳಿಯುವ ಮಾತು

ಇಳಿಯಬೇಡಿ. ತಪಾಸಣೆಯ ಬಹುಪಾಲು ಮೇಲಿನಿಂದಲೇ ಮುಗಿಯುತ್ತದೆ. ಅಳತೆ ಕೋಲು, ಬಲವಾದ ಟಾರ್ಚು, ಉದ್ದ ಕೋಲಿನ ತುದಿಗೆ ಕಟ್ಟಿದ ಕ್ಯಾಮೆರಾ, ಚಕ್ರದ ಮೇಲೆ ಓಡುವ ಪೈಪ್ ಕ್ಯಾಮೆರಾ ಇಷ್ಟು ಸಾಕು. ಅಳತೆ ಕೋಲು ಕೈಜಾರಿ ಬಿತ್ತು ಅಂತ ಒಬ್ಬರು ಏಣಿ ಇಳಿಸುತ್ತಾರಲ್ಲ, ಅಪಘಾತ ಶುರುವಾಗುವುದು ಅಲ್ಲಿಂದ.

"ಬರೀ ಮಳೆನೀರು ತಾನೇ, ಒಳಚರಂಡಿ ಅಲ್ವಲ್ಲ" ಅನ್ನುವ ಮಾತು ಅಪಾಯದ್ದು. ಒಳಗೆ ಎಲೆ, ಕಸ ಕೊಳೆಯುವಾಗ ಆಮ್ಲಜನಕ ಖರ್ಚಾಗುತ್ತದೆ. ಹೈಡ್ರೋಜನ್ ಸಲ್ಫೈಡ್, ಮೀಥೇನ್ ಹುಟ್ಟಬಹುದು. ಮೇಲಿನ ರಸ್ತೆಯಿಂದ ಪೆಟ್ರೋಲ್ ಹರಿದು ಬಂದಿರಬಹುದು. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ತಲುಪಿದಾಗ ಮೂಗಿಗೆ ವಾಸನೆ ಹಿಡಿಯುವ ಶಕ್ತಿಯೇ ಹೋಗುತ್ತದೆ. ವಾಸನೆ ನಿಂತಿತು ಅಂದರೆ ಅನಿಲ ಹೋಯಿತು ಅಂತ ಅರ್ಥವಲ್ಲ.

ಇಳಿಯಲೇಬೇಕಾದ ಕೆಲಸವಿದ್ದರೆ ಅದಕ್ಕೆ ತರಬೇತಿ ಪಡೆದ ತಂಡವನ್ನೇ ಕರೆಸಿ, ಅವರು ಈ ಕ್ರಮ ಪಾಲಿಸುತ್ತಾರಾ ಅಂತ ನೀವು ನಿಂತು ನೋಡಿ. ಮುಚ್ಚಳ ತೆಗೆದು ಗಾಳಿಯಾಡಿಸಬೇಕು. ನಾಲ್ಕು ಅನಿಲಗಳ ಮೀಟರನ್ನು ಹಗ್ಗ ಕಟ್ಟಿ ಇಳಿಸಿ ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಅಳೆಯಬೇಕು. ಮೊದಲು ಆಮ್ಲಜನಕ, ಆಮೇಲೆ ಬೆಂಕಿ ಹತ್ತುವ ಅನಿಲ, ಆಮೇಲೆ ವಿಷಾನಿಲ. ಆಮ್ಲಜನಕ ಶೇ. 19.5ರಿಂದ 23.5ರ ನಡುವೆ ಇರಬೇಕು. ಬೆಂಕಿ ಹತ್ತುವ ಅನಿಲ ಅದರ ಸ್ಫೋಟದ ಕೆಳಮಿತಿಯ (ಗಾಳಿಯಲ್ಲಿ ಕಡೇ ಪಕ್ಷ ಎಷ್ಟಿದ್ದರೆ ಸ್ಫೋಟಿಸಬಲ್ಲದೋ ಆ ಪ್ರಮಾಣದ) ಶೇ. 10ಕ್ಕಿಂತ ಕಡಿಮೆ ಇರಬೇಕು. ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ, ಕಾರ್ಬನ್ ಮಾನಾಕ್ಸೈಡ್ 35 ಪಿಪಿಎಂ ಮುಟ್ಟಿದರೆ ಮೀಟರು ಕೂಗುವಂತೆ ಇಟ್ಟಿರುತ್ತಾರೆ. ಕೂಗಿದರೆ ಎಲ್ಲರೂ ಹೊರಗೆ. ಇಳಿದವರ ಸೊಂಟ ಮತ್ತು ಭುಜಕ್ಕೆ ಬೆಲ್ಟು, ಅದಕ್ಕೆ ಕಟ್ಟಿದ ಹಗ್ಗ ಮೇಲಿನ ಮುಕ್ಕಾಲಿಯ ರಾಟೆಗೆ. ಮೇಲೆ ಒಬ್ಬರು ಕಣ್ಣು ಕದಲಿಸದೆ ನಿಂತಿರಬೇಕು, ಅವರಿಗೆ ಬೇರೆ ಕೆಲಸ ಕೊಡುವಂತಿಲ್ಲ. ಜನರೇಟರು, ಪೆಟ್ರೋಲಿನಿಂದ ಓಡುವ ಪಂಪು ತೊಟ್ಟಿಯ ಬಾಯಿಯ ಹತ್ತಿರ ಇಡಬೇಡಿ, ಹೊಗೆ ಸೀದಾ ಒಳಗಿಳಿಯುತ್ತದೆ. ಆಕಾಶ ಮೋಡ ಕಟ್ಟಿದ್ದರೆ ಆ ದಿನ ಯಾರೂ ಇಳಿಯುವುದು ಬೇಡ. ಮಳೆ ಇಲ್ಲಿ ಬರದೆ ಮೇಲಿನ ಪ್ರದೇಶದಲ್ಲಿ ಬಂದರೂ ಪೈಪು ತುಂಬುತ್ತದೆ.

ಒಳಗಿದ್ದವರು ಕುಸಿದುಬಿದ್ದರೆ ಹಗ್ಗ ಎಳೆಯಿರಿ, ತುರ್ತು ಸೇವೆಗೆ ಫೋನ್ ಮಾಡಿ. ಹಿಂದೆಯೇ ಧುಮುಕಬೇಡಿ. ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ ಶೇ. 60ಕ್ಕಿಂತ ಹೆಚ್ಚು ಜನ ಕಾಪಾಡಲು ಹೋದವರು ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು.

ಮೇಲಿನಿಂದ ಮಾಡುವ ಕೆಲಸಕ್ಕೂ ಒಂದೆರಡು ಮಾತು. ಬೀಡುಕಬ್ಬಿಣದ ಮುಚ್ಚಳಕ್ಕೆ ಬೆರಳು ಹಾಕಿ ಎತ್ತಬೇಡಿ, ಅದಕ್ಕೆಂದೇ ಇರುವ ಕೊಕ್ಕೆ ಬಳಸಿ. ಬಾಯಿ ತೆರೆದಿರುವಾಗ ಸುತ್ತ ತಡೆ ಹಾಕಿ, ಒಂದು ನಿಮಿಷಕ್ಕೂ ಬಿಟ್ಟು ಹೋಗಬೇಡಿ.

ಹಂತ 4: ಮೊದಲು ಮೇಲೆ ನಡೆದಾಡಿ

ಮುಚ್ಚಳ ತೆಗೆಯುವ ಮುಂಚೆ ತೊಟ್ಟಿಯ ಇಡೀ ಉದ್ದಗಲ ನಡೆಯಿರಿ. ನೆಲ ಎಲ್ಲಾದರೂ ತಗ್ಗಾಗಿದೆಯಾ? ಡಾಂಬರಿನಲ್ಲಿ ದುಂಡನೆಯ ಬಿರುಕು ಇದೆಯಾ? ಮ್ಯಾನ್‌ಹೋಲಿನ ಸುತ್ತ ಮಣ್ಣು ಕುಸಿದಿದೆಯಾ? ಪೈಪಿನ ಜೋಡಣೆ ಬಾಯಿ ಬಿಟ್ಟಿದ್ದರೆ ಸುತ್ತಲಿನ ಮಣ್ಣು ನೀರಿನ ಜೊತೆ ಒಳಕ್ಕೆ ಸೋರುತ್ತದೆ, ನೆಲದಡಿ ಪೊಳ್ಳಾಗುತ್ತದೆ. ಮೇಲೆ ಕಾಣುವ ಅಂಗೈಯಗಲದ ತಗ್ಗಿನ ಕೆಳಗೆ ಒಬ್ಬರು ನಿಲ್ಲುವಷ್ಟು ಪೊಳ್ಳು ಇರಬಹುದು. ಅಂಥದ್ದು ಕಂಡರೆ ಆ ಜಾಗಕ್ಕೆ ವಾಹನ ಬಿಡುವುದನ್ನು ಅವತ್ತೇ ನಿಲ್ಲಿಸಿ, ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿ. ಸುಮ್ನೆ ಮೇಲೆ ಡಾಂಬರು ಸುರಿದು ಸಮ ಮಾಡಿಸಿದರೆ ಕುರುಹು ಅಳಿಸಿದಂತೆ ಅಷ್ಟೇ.

ಮೇಲೆ ಏನೇನು ಹೊಸದಾಗಿ ಬಂದಿದೆ ಅಂತಲೂ ನೋಡಿ. ಇಟ್ಟಿಗೆ ರಾಶಿ, ಕಂಟೇನರು, ಕ್ರೇನು ನಿಂತ ಗುರುತು, ಹೊಸದಾಗಿ ನೆಟ್ಟ ಮರ. ಬೇರುಗಳು ನೀರಿರುವ ಕಡೆಗೇ ಹೋಗುತ್ತವೆ, ಜೋಡಣೆಯ ಕೂದಲೆಳೆ ಸಂದಿಯೂ ಅವಕ್ಕೆ ಸಾಕು.

ಇನ್ನೊಂದು ಬಹಳ ಸಲ ಕಾಣುವ ಸಂಗತಿ: ರಸ್ತೆಗೆ ಹೊಸ ಡಾಂಬರು ಹಾಕುವಾಗ ಮುಚ್ಚಳಗಳ ಮೇಲೇ ಹಾಕಿಬಿಟ್ಟಿರುತ್ತಾರೆ. ನಕ್ಷೆಯಲ್ಲಿ ನಾಲ್ಕು ಮುಚ್ಚಳ, ನೆಲದ ಮೇಲೆ ಮೂರು. ಲೋಹ ಹುಡುಕುವ ಯಂತ್ರದಿಂದ ನಾಲ್ಕನೆಯದನ್ನು ಪತ್ತೆಮಾಡಿ ಎತ್ತರಿಸಿ. ಬೇಕಾದ ದಿನ ಹುಡುಕುತ್ತಾ ಕೂತರೆ ಯಂತ್ರದ ಬಾಡಿಗೆ ಓಡುತ್ತಿರುತ್ತದೆ.

ಹಂತ 5: ಒಣ ದಿನ ಒಳದಾರಿಗಳನ್ನು ನೋಡಿ

ಮಳೆ ನಿಂತು ಮೂರು ದಿನವಾದ ಮೇಲೆ ಒಳದಾರಿಯ ಚೇಂಬರು ತೆಗೆಯಿರಿ. ಪೈಪಿನಲ್ಲಿ ನೀರು ಹರಿಯುತ್ತಿರಬಾರದು. ಹರಿಯುತ್ತಿದ್ದರೆ ಅದು ಮಳೆನೀರಲ್ಲ. ಸೋಪಿನ ನೊರೆ, ಬೂದು ಬಣ್ಣ, ವಾಸನೆ ಇದ್ದರೆ ಯಾರೋ ಬಚ್ಚಲಿನ ಅಥವಾ ಶೌಚದ ಪೈಪನ್ನು ಇದಕ್ಕೆ ಜೋಡಿಸಿದ್ದಾರೆ. ತಿಳಿನೀರಾದರೆ ಕುಡಿಯುವ ನೀರಿನ ಪೈಪು ಎಲ್ಲೋ ಸೋರುತ್ತಿರಬಹುದು, ಅಂತರ್ಜಲವೂ ಆಗಿರಬಹುದು. ಕ್ಲೋರಿನ್ ಪರೀಕ್ಷೆಯ ಪಟ್ಟಿಯೊಂದನ್ನು ಅದ್ದಿ ನೋಡಿ. ಬಣ್ಣ ಬಂದರೆ ನಲ್ಲಿನೀರು. ಬರದಿದ್ದರೆ ನಲ್ಲಿನೀರಲ್ಲ ಅಂತ ಮಾತ್ರ ಖಚಿತವಾಗಿ ಹೇಳಲಾಗದು, ಮಣ್ಣಿನಲ್ಲಿ ಹರಿದು ಬರುವಷ್ಟರಲ್ಲಿ ಕ್ಲೋರಿನ್ ಮುಗಿದಿರಬಹುದು.

ಈಗ ಜಾಲರಿಗಳು ಮತ್ತು ಒಳದಾರಿ ಚೇಂಬರಿನ ಹೂಳುಗುಂಡಿ. ತೊಟ್ಟಿಗೆ ಹೋಗುವ ಮುಂಚೆ ಮರಳು, ಎಲೆ, ಕಸ ಇಲ್ಲೇ ನಿಲ್ಲಬೇಕು. ಈ ಗುಂಡಿಯ ತಳದಿಂದ ಹೊರಪೈಪಿನ ತಳಮಟ್ಟದವರೆಗಿನ ಆಳದಲ್ಲಿ ಅರ್ಧದಷ್ಟು ಹೂಳು ತುಂಬಿದರೆ ಖಾಲಿ ಮಾಡಿಸಿ. ಅದನ್ನು ದಾಟಿದ ಮೇಲೆ ಗುಂಡಿ ಹೂಳನ್ನು ಹಿಡಿಯುವ ಬದಲು, ಮುಂದಿನ ಜೋರು ಮಳೆಗೆ ಹಳೆಯದನ್ನೂ ಕಲಕಿ ಒಳಗೆ ತಳ್ಳುತ್ತದೆ. ನಿರ್ವಹಣೆಗೆ ಇರುವ ಹಣ ಕಡಿಮೆಯಾದರೆ ನನ್ನ ಸಲಹೆ ಒಂದೇ: ಬೇರೆಲ್ಲ ಮುಂದೂಡಿ, ಈ ಗುಂಡಿಗಳನ್ನು ಮಾತ್ರ ಮುಂದೂಡಬೇಡಿ. ಮುಚ್ಚಳ ತೆಗೆದು ಅರ್ಧ ಗಂಟೆಯಲ್ಲಿ ಎತ್ತಬಹುದಾದ ಮಣ್ಣು, ಒಳಗೆ ಹೋದ ಮೇಲೆ ದೊಡ್ಡ ಯಂತ್ರ, ರಸ್ತೆ ತಡೆ, ಇಡೀ ದಿನದ ಕೆಲಸ ಬೇಡುತ್ತದೆ. ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ ಎಣ್ಣೆ ಹೀರುವ ಹಾಳೆ ಹಾಕಿ ತೆಗೆಯಿರಿ, ನೀರಿನ ಜೊತೆ ಪಂಪು ಮಾಡಿ ಚರಂಡಿಗೆ ಬಿಡಬೇಡಿ.

ಹಂತ 6: ಹೂಳು ಅಳೆಯಿರಿ

ಬೇಕಾದ್ದು ಗುರುತು ಹಾಕಿದ ಉದ್ದ ಕೋಲು. ಅದರ ತುದಿಗೆ ಬಿಚ್ಚಿ ತೆಗೆಯಬಹುದಾದ ಒಂದು ಚಪ್ಪಟೆ ಬಿಲ್ಲೆ. ಬಿಲ್ಲೆ ಇಲ್ಲದಿದ್ದರೆ ಕೋಲು ಮೆತ್ತನೆಯ ಹೂಳಿನೊಳಗೆ ತೂರಿಹೋಗಿ "ಹೂಳೇ ಇಲ್ಲ" ಎಂದು ಹೇಳುತ್ತದೆ.

ಮುಚ್ಚಳದ ಅಂಚಿನಲ್ಲಿ ಒಂದು ಕಡೆ ಬಣ್ಣದ ಗುರುತು ಹಾಕಿ, ಪ್ರತಿ ಸಲವೂ ಅಲ್ಲಿಂದಲೇ ಅಳೆಯಿರಿ. ಕೋಲನ್ನು ನೆಟ್ಟಗೆ ಇಳಿಸಿ. ಬಿಲ್ಲೆ ಹೂಳಿನ ಮೇಲೆ ಕೂತಾಗ ಆಳ ಓದಿ. ನಕ್ಷೆಯ ತಳದ ಆಳದಿಂದ ಇದನ್ನು ಕಳೆಯಿರಿ. ತಳ 2,850 ಮಿ.ಮೀ., ಓದಿದ್ದು 2,760 ಮಿ.ಮೀ. ಅಂದರೆ ಹೂಳು 90 ಮಿ.ಮೀ. ಕಾಂಕ್ರೀಟ್ ತಳವಾದರೆ ಬಿಲ್ಲೆ ತೆಗೆದು ಕೋಲನ್ನು ಗಟ್ಟಿ ತಳ ಮುಟ್ಟುವವರೆಗೆ ಒತ್ತಿ ಇನ್ನೊಮ್ಮೆ ಓದಿ, ಲೆಕ್ಕ ತಾಳೆಯಾಗುತ್ತದೆ. ಬಟ್ಟೆ ಹಾಸಿದ ತಳದಲ್ಲಿ ಮಾತ್ರ ಹಾಗೆ ಒತ್ತಬೇಡಿ. ಬಟ್ಟೆ ಹರಿದರೆ ಹೂಳು ಸೀದಾ ಜಲ್ಲಿಗೆ ಇಳಿಯುತ್ತದೆ, ಅಲ್ಲಿಂದ ತೆಗೆಯುವ ದಾರಿ ಇಲ್ಲ.

ಒಂದೇ ಕಡೆ ಅಳೆದು ಮುಗಿಸಬೇಡಿ. ದಪ್ಪ ಮರಳು ಒಳದಾರಿಯ ಬಾಯಲ್ಲೇ ಕೂರುತ್ತದೆ, ನುಣ್ಣನೆಯ ಜೇಡಿ ದೂರದ ತುದಿಯವರೆಗೂ ಹೋಗುತ್ತದೆ. ಒಳದಾರಿ, ನಡುವೆ, ಹೊರದಾರಿ ಕಡೇ ಪಕ್ಷ ಮೂರು ಜಾಗ. ನಡುವೆ ಮುಚ್ಚಳವಿಲ್ಲದಿದ್ದರೆ ಕ್ಯಾಮೆರಾ ಬಿಟ್ಟು, ಪೈಪಿನ ವ್ಯಾಸಕ್ಕೆ ಹೋಲಿಸಿ ಅಂದಾಜು ಮಾಡಿ.

ಎಷ್ಟಾದರೆ ತೆಗೆಸಬೇಕು? ತಯಾರಕರ ಕೈಪಿಡಿ ಇದ್ದರೆ ಅದರ ಮಾತೇ ಅಂತಿಮ. ಬಟ್ಟೆ ಸುತ್ತಿದ ಚೇಂಬರು ಸಾಲಿಗೆ ಸರಾಸರಿ 75 ಮಿ.ಮೀ. ಎಂಬುದು ಸಾಮಾನ್ಯವಾಗಿ ಬಳಸುವ ಮಿತಿ. ಕಾಂಕ್ರೀಟ್ ಪೆಟ್ಟಿಗೆಯಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಿ. 20 ಮೀಟರ್ ಉದ್ದ, 4 ಮೀಟರ್ ಅಗಲ, 2 ಮೀಟರ್ ಆಳದ ತೊಟ್ಟಿಯಲ್ಲಿ 160 ಘನ ಮೀಟರ್ ನೀರು ಹಿಡಿಯುತ್ತದೆ. 150 ಮಿ.ಮೀ. ಹೂಳು ಕೂತರೆ ಹೋಗುವ ಜಾಗ 12 ಘನ ಮೀಟರ್, ಶೇ. 7.5 ಮಾತ್ರ. ಅಷ್ಟೇನಾ ಅನಿಸುತ್ತದೆ, ಅಲ್ವಾ? ಆದರೆ ಹೊರದಾರಿಯ ರಂಧ್ರ ತಳದಲ್ಲೇ ಇದ್ದರೆ ಅದು ಆಗಲೇ ಮುಚ್ಚಿರುತ್ತದೆ. ಇಂಗಿಸುವ ತೊಟ್ಟಿಯಲ್ಲಂತೂ ಜಾಗದ ಲೆಕ್ಕವೇ ಉಪಯೋಗಕ್ಕೆ ಬರುವುದಿಲ್ಲ. ಎರಡು ಸೆಂಟಿಮೀಟರ್ ನುಣುಪು ಜೇಡಿ ಸಾಕು, ತಳ ಬಹುಪಾಲು ಮುಚ್ಚಿದಂತೆ. ಅದಕ್ಕೇ ಎರಡನೆಯ ಅಳತೆ ಬೇಕು.

ಹಂತ 7: ನೀರು ಇಳಿಯುವ ಹೊತ್ತು ಅಳೆಯಿರಿ

ಇದಕ್ಕೆ ಮಳೆ ಬೇಕು, ತಾಳ್ಮೆ ಬೇಕು, ದೊಡ್ಡ ಖರ್ಚಿಲ್ಲ. ಅದಕ್ಕೇ ಏನೋ ಮಾಡುವವರು ಕಡಿಮೆ. ನನ್ನ ಮಟ್ಟಿಗೆ ಇಡೀ ತಪಾಸಣೆಯಲ್ಲಿ ಅತಿ ಹೆಚ್ಚು ವಿಷಯ ಹೇಳುವುದು ಇದೇ.

ಒಳ್ಳೆಯ ಮಳೆ ನಿಂತ ಕೂಡಲೇ ತಪಾಸಣೆಯ ಪೈಪಿನಲ್ಲಿ ನೀರಿನ ಮಟ್ಟ ಅಳೆಯಿರಿ. ಆಮೇಲೆ 12, 24, 48, 72 ಗಂಟೆಗೆ ಅಳೆಯಿರಿ. ಇಂಗಿಸುವ ತೊಟ್ಟಿ ಸಾಮಾನ್ಯವಾಗಿ 72 ಗಂಟೆಯೊಳಗೆ ಖಾಲಿಯಾಗುವಂತೆ ವಿನ್ಯಾಸ ಮಾಡಿರುತ್ತಾರೆ, ಕೆಲವು ಕಡೆ ನಿಯಮ 48 ಗಂಟೆ. ಇದಕ್ಕೆ ಎರಡು ಕಾರಣ. ಮುಂದಿನ ಮಳೆಗೆ ಜಾಗ ಬೇಕು. ಜೊತೆಗೆ ಬೆಚ್ಚನೆಯ ಹವೆಯಲ್ಲಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸುಮಾರು 7ರಿಂದ 10 ದಿನ ಸಾಕು, ಅದಕ್ಕೆ ಮುಂಚೆಯೇ ನೀರು ಹೋಗಿರಬೇಕು. ಹೂಳುಗುಂಡಿಗಳಲ್ಲಿ ಯಾವಾಗಲೂ ನೀರು ಇರುತ್ತದೆ, ಆದ್ದರಿಂದ ಅವುಗಳ ಮುಚ್ಚಳ, ಗಾಳಿ ಕೊಳವೆಯ ಬಲೆ ಬಿಗಿಯಾಗಿರಲಿ.

ಉದಾಹರಣೆಗೆ ಹೀಗೆ ಅಂದುಕೊಳ್ಳಿ. ಮೊದಲ ವರ್ಷ 1,200 ಮಿ.ಮೀ. ತುಂಬಿದ ನೀರು 24 ಗಂಟೆಗೆ 500, 48 ಗಂಟೆಗೆ 150, 72 ಗಂಟೆಗೆ ಸೊನ್ನೆ. ಕೆಲವು ವರ್ಷಗಳ ನಂತರ ಅದೇ 1,200 ಮಿ.ಮೀ. ನೀರು 24 ಗಂಟೆಗೆ 850, 48 ಗಂಟೆಗೆ 600, 72 ಗಂಟೆಗೆ 400. ಮುಚ್ಚಳ ತೆಗೆಯದೆಯೇ ತಳ ಕಟ್ಟಿಕೊಳ್ಳುತ್ತಿದೆ ಎಂದು ಗೊತ್ತಾಯಿತು. ಹೋಲಿಸುವಾಗ ಒಂದೇ ಎತ್ತರದಿಂದ ಶುರು ಮಾಡಿದ ಅಳತೆಗಳನ್ನೇ ಹೋಲಿಸಿ. ನೀರು ಜಾಸ್ತಿ ಇದ್ದಾಗ ಒತ್ತಡವೂ ಜಾಸ್ತಿ, ಬೇಗ ಇಳಿಯುತ್ತದೆ.

ಮಟ್ಟ ಒಂದು ಎತ್ತರಕ್ಕೆ ಬಂದು ಅಲ್ಲೇ ನಿಂತುಬಿಟ್ಟರೆ? ಹಿಡಿದು ಬಿಡುವ ತೊಟ್ಟಿಯಾದರೆ ಹೊರದಾರಿಯ ರಂಧ್ರ ಕಟ್ಟಿದೆ, ನೀರು ಅದರ ಮೇಲಿನ ಯಾವುದೋ ಸಂದಿಯಿಂದ ಮಾತ್ರ ಹೋಗುತ್ತಿದೆ. ಇಂಗಿಸುವ ತೊಟ್ಟಿಯಾದರೆ ಅಂತರ್ಜಲ ಮೇಲೆ ಬಂದಿರುವ ಸಾಧ್ಯತೆ ಇದೆ. ಹತ್ತಿರದ ಬಾವಿಯ ಮಟ್ಟ ಅದೇ ಎತ್ತರಕ್ಕೆ ಇದ್ದರೆ, ಬೇಸಿಗೆಯಲ್ಲಿ ತೊಟ್ಟಿ ಸರಿಯಾಗಿ ಖಾಲಿಯಾಗುತ್ತಿದ್ದರೆ, ಅದೇ ಕಾರಣ. ಆಗ ಹೂಳು ತೆಗೆಸಿ ಪ್ರಯೋಜನವಿಲ್ಲ.

ತೊಟ್ಟಿಯಲ್ಲಿ ನೀರೇ ಇಲ್ಲದಿರುವುದೂ ಒಂದು ಲಕ್ಷಣ. ಜೋರು ಮಳೆಯ ನಂತರ ಒಳಗೆ ಒಣಗಿದ್ದರೆ ಸಮಾಧಾನ ಪಡಬೇಡಿ. ಸ್ವಲ್ಪ ಲೆಕ್ಕ ಮಾಡಿ: ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್. 2,000 ಚದರ ಮೀಟರ್ ಗಟ್ಟಿ ನೆಲದ ಮೇಲೆ 30 ಮಿ.ಮೀ. ಬಿದ್ದರೆ 60 ಘನ ಮೀಟರ್. ಅದು 80 ಚದರ ಮೀಟರ್ ತಳದ ತೊಟ್ಟಿಗೆ ಬಂದರೆ 750 ಮಿ.ಮೀ. ಏರಬೇಕು. ನೆಲ ಹೀರಿದ್ದು, ಬರುತ್ತಾ ಬರುತ್ತಾ ಇಳಿದದ್ದು ಕಳೆದರೂ 50 ಮಿ.ಮೀ. ಮಾತ್ರ ಕಂಡರೆ ನೀರು ಒಳಗೆ ಬಂದೇ ಇಲ್ಲ. ಜಾಲರಿ ಕಟ್ಟಿದೆ, ಅಥವಾ ಒಳದಾರಿಯ ಅಡ್ಡಗೋಡೆಯ ಮೇಲಿಂದ ಹಾರಿ ಬೇರೆ ಪೈಪಿಗೆ ಹೋಗುತ್ತಿದೆ. ಜಲ್ಲಿ ತುಂಬಿದ ಗುಂಡಿಯಾದರೆ ನೀರಿಗೆ ಸಿಗುವ ಖಾಲಿ ಜಾಗ ಸುಮಾರು ಶೇ. 40 ಮಾತ್ರ, ಆದ್ದರಿಂದ ಅದೇ ನೀರಿಗೆ ಮಟ್ಟ ಎರಡೂವರೆ ಪಟ್ಟು ಏರುತ್ತದೆ.

ಕೈಯಲ್ಲಿ ಅಳೆಯಲು ಜನ ಇಲ್ಲದಿದ್ದರೆ ಪೈಪಿನೊಳಗೆ ತೂಗುಬಿಡುವ ಒತ್ತಡದ ಸೆನ್ಸರ್ ಸಿಗುತ್ತದೆ. ಅದರ ಓದನ್ನು ಆಗಾಗ ಕೋಲಿನ ಅಳತೆಯ ಜೊತೆ ತಾಳೆ ನೋಡಿ.

ಹಂತ 8: ಹೊರದಾರಿ

ಹಿಡಿದು ಬಿಡುವ ತೊಟ್ಟಿಯ ಜೀವ ಇರುವುದು ಇಲ್ಲೇ. ಲೋಹದ ತಟ್ಟೆಯಲ್ಲಿ ಕೊರೆದ ಒಂದು ರಂಧ್ರ, ಎಷ್ಟೋ ಕಡೆ ಬರೀ 75 ಅಥವಾ 100 ಮಿ.ಮೀ. ಒಂದು ಪ್ಲಾಸ್ಟಿಕ್ ಬಾಟಲಿ ಬಂದು ಕೂತರೆ ಮುಗಿಯಿತು. ಅದರ ಮುಂದಿನ ಕಸದ ಬಲೆ ಇದೆಯಾ, ತುಕ್ಕು ಹಿಡಿದಿದೆಯಾ, ಬೋಲ್ಟು ಬಿಗಿಯಾಗಿವೆಯಾ ನೋಡಿ. ರಂಧ್ರದ ವ್ಯಾಸವನ್ನು ಅಳೆದು ನಕ್ಷೆಗೆ ಹೋಲಿಸಿ. ಯಾಕೆಂದರೆ ನೀರು ನಿಧಾನವಾಗಿ ಇಳಿಯುತ್ತಿದೆ ಅಂತ ಬೇಸತ್ತು ರಂಧ್ರವನ್ನು ದೊಡ್ಡದು ಮಾಡುವವರು, ತಟ್ಟೆಯನ್ನೇ ಬಿಚ್ಚಿಡುವವರು ಇದ್ದಾರೆ. ಆಮೇಲೆ ತೊಟ್ಟಿ ಬೇಗ ಖಾಲಿಯಾಗುತ್ತದೆ ನಿಜ, ಕೆಳಗಿನವರ ಮನೆಗೆ ನೀರು ನುಗ್ಗುತ್ತದೆ. ನಿಧಾನವಾಗಿ ಬಿಡುವುದೇ ಆ ರಂಧ್ರದ ಕೆಲಸ.

ಓವರ್‌ಫ್ಲೋ ದಾರಿ ತೆರೆದಿರಬೇಕು, ನೀರು ಹಿಮ್ಮುಖವಾಗಿ ಬರುವುದನ್ನು ತಡೆಯುವ ಕವಾಟ ಕೈಯಲ್ಲಿ ಎತ್ತಿದರೆ ಏಳಬೇಕು. ನೀರು ಕೊನೆಗೆ ಬೀಳುವ ಜಾಗಕ್ಕೂ ಹೋಗಿ ನೋಡಿ, ಮಣ್ಣು ಕೊರೆದಿದ್ದರೆ ಕಲ್ಲು ಹಾಸಿಸಿ.

ಹಂತ 9: ಮೈಕಟ್ಟಿನ ತಪಾಸಣೆ

ಕಾಂಕ್ರೀಟಿನಲ್ಲಿ ನೋಡಬೇಕಾದ್ದು ಬಿರುಕಿನ ಚಲನೆ. ಕೂದಲೆಳೆಯ ಬಿರುಕು ವರ್ಷಗಳಿಂದ ಹಾಗೇ ಇದ್ದರೆ ಚಿಂತೆ ಕಡಿಮೆ. ಅದರಿಂದ ನೀರು ಚಿಮ್ಮುತ್ತಿದ್ದರೆ, ಮಣ್ಣು ಸೋರುತ್ತಿದ್ದರೆ, ತುಕ್ಕಿನ ಕಲೆ ಇಳಿಯುತ್ತಿದ್ದರೆ ಅಥವಾ ಕಬ್ಬಿಣ ಹೊರಗೆ ಕಂಡರೆ ದುರಸ್ತಿಯ ಹೊತ್ತು ಬಂದಿದೆ. ಉಕ್ಕಿನ ಪೈಪು ತಳದಿಂದ ಸಾಯುತ್ತದೆ. ನೀರು, ಹೂಳು ಯಾವಾಗಲೂ ಉಜ್ಜುವುದು ಅಲ್ಲೇ. ಆದ್ದರಿಂದ ಹೂಳು ತೆಗೆಸಿದ ಕೂಡಲೇ, ಮತ್ತೆ ಮುಚ್ಚುವ ಮುಂಚೆ, ಕ್ಯಾಮೆರಾ ಬಿಟ್ಟು ತಳ ನೋಡಿ. ಸತುವಿನ ಲೇಪ ಹೋಗಿ ಕಂದು ಪಟ್ಟಿ ಶುರುವಾಗಿದ್ದರೆ ಒಳಗೆ ಹೊಸ ಲೇಪ ಹಾಕಿಸಲು ಇನ್ನೂ ಕಾಲ ಇದೆ. ತೂತು ಬಿದ್ದ ಮೇಲೆ ಲೇಪದಿಂದ ಮಾತ್ರ ಆಗುವುದಿಲ್ಲ.

ಪ್ಲಾಸ್ಟಿಕ್ ಪೈಪಿಗೆ ತುಕ್ಕಿಲ್ಲ, ಚಪ್ಪಟೆಯಾಗುವ ಭಯ ಇದೆ. ಒಳಗಿನ ಎತ್ತರ ವ್ಯಾಸಕ್ಕಿಂತ ಶೇ. 5ಕ್ಕಿಂತ ಜಾಸ್ತಿ ಕಡಿಮೆಯಾಗಿದ್ದರೆ, ಅಂದರೆ 600 ಮಿ.ಮೀ. ಪೈಪು 570ಕ್ಕಿಂತ ಕೆಳಗೆ ಇಳಿದಿದ್ದರೆ ಇಂಜಿನಿಯರಿಗೆ ತೋರಿಸಿ. ಕಮಾನು ಚೇಂಬರಿನಲ್ಲಿ ನೆತ್ತಿ ಕುಗ್ಗಿದೆಯಾ, ಜೋಡಣೆ ಕಳಚಿ ಜಲ್ಲಿ ಒಳಗೆ ಬಿದ್ದಿದೆಯಾ ನೋಡಿ. ಹಳೆಯ ಮ್ಯಾನ್‌ಹೋಲುಗಳ ಕಬ್ಬಿಣದ ಮೆಟ್ಟಿಲುಗಳನ್ನು ನೋಡಿ ಬರೆದುಕೊಳ್ಳಿ, ಕಾಲಿಡಬೇಡಿ.

ಹಂತ 10: ಹೂಳು ತೆಗೆಸುವುದು

ಒಣ ಹವೆಯ ದಿನ ಆರಿಸಿ. ನೀರು ಚಿಮ್ಮುವ ಜೆಟ್ಟು ಮತ್ತು ಹೀರುವ ಪಂಪು ಎರಡೂ ಇರುವ ಲಾರಿ ಬೇಕು. ಅದು ತುಂಬಿದಾಗ ಬಹಳ ಭಾರ. ತೊಟ್ಟಿಯ ಮೇಲೆ ನಿಲ್ಲಿಸುವ ಮುಂಚೆ ನಕ್ಷೆಯ ಭಾರದ ಮಿತಿ ನೋಡಿ, ಸಾಧ್ಯವಾದರೆ ಪಕ್ಕದ ಗಟ್ಟಿ ನೆಲದಲ್ಲಿ ನಿಲ್ಲಿಸಿ ಕೊಳವೆ ಉದ್ದ ಮಾಡಿ.

ಮೊದಲು ಹೊರದಾರಿಗೆ ಗಾಳಿ ತುಂಬುವ ಬಿರಡೆ ಹಾಕಿ. ಇಲ್ಲದಿದ್ದರೆ ಕಲಕಿದ ಹೂಳೆಲ್ಲ ಚರಂಡಿಗೆ ಹೋಗುತ್ತದೆ. ನಿಂತ ನೀರಿದ್ದರೆ ಮೇಲಿನ ತಿಳಿಯನ್ನು ಹೀರಿ ತೆಗೆಯಿರಿ, ಅದನ್ನು ಎಲ್ಲಿ ಬಿಡಬಹುದು ಅಂತ ಸ್ಥಳೀಯ ಆಡಳಿತದಿಂದ ಮುಂಚೆಯೇ ಅನುಮತಿ ಪಡೆದಿರಿ. ಇಲ್ಲೊಂದು ಎಚ್ಚರಿಕೆ. ಅಂತರ್ಜಲ ಮೇಲಿರುವ ಕಾಲದಲ್ಲಿ, ತಳ ಮುಚ್ಚಿದ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಬೇಡಿ. ಮುಳುಗಿದ ಪ್ರತಿ ಘನ ಮೀಟರಿಗೆ ಸುಮಾರು ಒಂದು ಟನ್ ಬಲ ಅದನ್ನು ಮೇಲಕ್ಕೆ ತಳ್ಳುತ್ತದೆ. ಹಗುರ ತೊಟ್ಟಿಗಳು ನೆಲ ಸೀಳಿಕೊಂಡು ಎದ್ದು ಬರುತ್ತವೆ.

ಜೆಟ್ಟಿನ ಮೂತಿ ಹಿಂದಕ್ಕೆ ನೀರು ಚಿಮ್ಮುವಂಥದ್ದು. ಅದು ತನ್ನದೇ ಬಲದಿಂದ ಸಾಲಿನ ದೂರದ ತುದಿಗೆ ಹೋಗುತ್ತದೆ, ನಿಧಾನವಾಗಿ ಹಿಂದಕ್ಕೆ ಎಳೆದಾಗ ಹೂಳನ್ನು ಮ್ಯಾನ್‌ಹೋಲಿನ ಕಡೆಗೆ ದಬ್ಬಿಕೊಂಡು ಬರುತ್ತದೆ. ಮ್ಯಾನ್‌ಹೋಲಿನಲ್ಲಿ ಹೀರುವ ಕೊಳವೆ ಕಾಯುತ್ತಿರುತ್ತದೆ. ವಾಪಸ್ ಬರುವ ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಮಾಡಬೇಕು. ಎಳೆಯುವ ವೇಗ ಜಾಸ್ತಿಯಾದರೆ ಹೂಳು ಹಿಂದೆಯೇ ಉಳಿಯುತ್ತದೆ, ಕೆಲಸಗಾರರು ಆತುರಪಟ್ಟರೆ ತಡೆಯಿರಿ. ಒತ್ತಡದ ಮಿತಿಗೆ ತಯಾರಕರ ಸೂಚನೆ ನೋಡಿ. ಬಟ್ಟೆಯ ಮೇಲೆ ಮೂತಿಯನ್ನು ಒಂದೇ ಕಡೆ ನಿಲ್ಲಿಸಿದರೆ ಹರಿಯುತ್ತದೆ. ಕೆಲವು ಕ್ರೇಟುಗಳನ್ನು ಜೆಟ್ಟಿನಿಂದ ತೊಳೆಯುವಂತೆಯೇ ಇಲ್ಲ.

ತೆಗೆದ ಹೂಳು ತೋಟಕ್ಕೆ ಹಾಕುವ ಗೊಬ್ಬರವಲ್ಲ. ರಸ್ತೆಯ ನೀರಿನ ಹೂಳಿನಲ್ಲಿ ಎಣ್ಣೆ, ಸತು, ತಾಮ್ರ, ಸೀಸ ಇರುತ್ತವೆ. ನೀರು ಬಸಿದು, ಬೇಕಾದ ಕಡೆ ಪರೀಕ್ಷೆ ಮಾಡಿಸಿ, ಅನುಮತಿ ಇರುವ ಜಾಗಕ್ಕೇ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಮುಗಿಸಿ ಹೋಗುವ ಮುಂಚೆ ಹೊರದಾರಿಯ ಬಿರಡೆ ತೆಗೆದಿರಾ? ಮರೆತರೆ ಮುಂದಿನ ಮಳೆ ನೆನಪಿಸುತ್ತದೆ.

ಹಂತ 11: ಯಾವಾಗ ಏನು, ಎಲ್ಲಿ ಬರೆಯುವುದು

ಹೊಸ ತೊಟ್ಟಿಗೆ ಮೊದಲ ವರ್ಷ ಆರು ತಿಂಗಳಿಗೊಮ್ಮೆ ತಪಾಸಣೆ. ಆಮೇಲೆ ವರ್ಷಕ್ಕೊಮ್ಮೆಯಾದರೂ, ಮಳೆಗಾಲ ಶುರುವಾಗುವ ಮುಂಚೆ. ಜಾಲರಿ ಮತ್ತು ಹೊರದಾರಿಯ ಬಲೆಯನ್ನು ಪ್ರತಿ ದೊಡ್ಡ ಮಳೆಯ ನಂತರ ನೋಡಿ, ಎಲೆ ಉದುರುವ ಕಾಲದಲ್ಲಿ ಇನ್ನೂ ಆಗಾಗ. ನೀರು ಇಳಿಯುವ ಹೊತ್ತನ್ನು ವರ್ಷಕ್ಕೆ ಒಂದು ಒಳ್ಳೆಯ ಮಳೆಗಾದರೂ ಅಳೆಯಿರಿ. ಕೂಡಿಡುವ ತೊಟ್ಟಿಯ ಪಂಪು, ಫ್ಲೋಟ್ ಸ್ವಿಚ್ಚು, ಫಿಲ್ಟರುಗಳಿಗೆ ಅವುಗಳ ತಯಾರಕರ ಅವಧಿ ಪಾಲಿಸಿ. ಎರಡು ಮೂರು ವರ್ಷದ ಅಂಕಿ ಕೈಗೆ ಬಂದ ಮೇಲೆ ನಿಮ್ಮದೇ ವೇಳಾಪಟ್ಟಿ ಮಾಡಿಕೊಳ್ಳಬಹುದು. ವರ್ಷಕ್ಕೆ 15 ಮಿ.ಮೀ. ಹೂಳು ಕೂರುವ ಕಡೆ 75ಕ್ಕೆ ಐದು ವರ್ಷ, 40 ಕೂರುವ ಕಡೆ ಎರಡು ವರ್ಷವೂ ಇಲ್ಲ. ಹೂಳು ಕೂರುವ ವೇಗ ದಿಢೀರನೆ ಏರಿದರೆ ತೊಟ್ಟಿಯನ್ನು ಬಿಟ್ಟು ಮೇಲೆ ನೋಡಿ: ಹತ್ತಿರದಲ್ಲಿ ಯಾರೋ ಮಣ್ಣು ಅಗೆಯುತ್ತಿರುತ್ತಾರೆ.

ದಾಖಲೆಯಲ್ಲಿ ದಿನಾಂಕ, ಹಿಂದಿನ ಮಳೆ ಯಾವಾಗ ಎಷ್ಟು, ಪ್ರತಿ ಮುಚ್ಚಳದ ಹೂಳಿನ ಅಳತೆ, ನೀರಿನ ಮಟ್ಟ, ಕಂಡ ದೋಷ, ಒಂದೇ ಕೋನದಿಂದ ತೆಗೆದ ಫೋಟೋ, ಮಾಡಿಸಿದ ಕೆಲಸ ಇರಲಿ. "ಎಲ್ಲ ಸರಿಯಿದೆ" ಎಂದು ಬರೆಯುವುದನ್ನು ಬಿಟ್ಟುಬಿಡಿ. ಮುಂದೆ ನಿಮ್ಮ ಜಾಗಕ್ಕೆ ಬರುವವರಿಗೆ ಆ ಎರಡು ಪದದಿಂದ ಏನೂ ತಿಳಿಯುವುದಿಲ್ಲ, 60 ಮಿ.ಮೀ. ಎಂಬ ಅಂಕಿಯಿಂದ ತಿಳಿಯುತ್ತದೆ.

ಹೂಳು ತೆಗೆಸಿದರೂ ನೀರು ಇಳಿಯದಿದ್ದರೆ

ಇಂಗಿಸುವ ತೊಟ್ಟಿಗಳಲ್ಲಿ ಈ ದಿನ ಬರಬಹುದು. ಹೂಳು ತೆಗೆದು ಮತ್ತೆ ಅಳೆದಾಗಲೂ 72 ಗಂಟೆ ದಾಟಿದರೆ, ಅಂತರ್ಜಲದ ಅನುಮಾನವೂ ಇಲ್ಲದಿದ್ದರೆ, ಬಟ್ಟೆ ಅಥವಾ ಅದರಡಿಯ ಮಣ್ಣೇ ಕಟ್ಟಿಕೊಂಡಿದೆ. ಆಸಿಡ್, ಬ್ಲೀಚು ಏನನ್ನೂ ಸುರಿಯಬೇಡಿ. ಜೇಡಿ ಕರಗುವುದಿಲ್ಲ, ಅಂತರ್ಜಲ ಕೆಡುತ್ತದೆ. ಅಗೆದು ಬಟ್ಟೆ, ಜಲ್ಲಿ ಬದಲಿಸುವುದು ಒಂದು ದಾರಿ, ಬಹಳ ದುಬಾರಿ. ಅದಕ್ಕೆ ಮುಂಚೆ ಇಂಜಿನಿಯರ ಹತ್ತಿರ ಎರಡು ಪ್ರಶ್ನೆ ಕೇಳಿ. ಪಕ್ಕದಲ್ಲಿ ಇನ್ನೂ ಆಳದ ಇಂಗುಬಾವಿ ತೋಡಿ ಅಲ್ಲಿಗೆ ನೀರು ದಾಟಿಸಲು ಮಣ್ಣು ಮತ್ತು ಸ್ಥಳೀಯ ನಿಯಮ ಎರಡೂ ಒಪ್ಪುತ್ತವೆಯಾ? ಇಲ್ಲದಿದ್ದರೆ, ಸಣ್ಣ ರಂಧ್ರದ ಹೊರದಾರಿ ಸೇರಿಸಿ ಇದನ್ನು ಹಿಡಿದು ಬಿಡುವ ತೊಟ್ಟಿಯಾಗಿ ಬದಲಿಸಬಹುದಾ? ಎರಡನೆಯದಕ್ಕೆ ಕೆಳಗಿನ ಚರಂಡಿ ಅಷ್ಟು ನೀರು ತಾಳುತ್ತದೆಯಾ ಎಂಬ ಲೆಕ್ಕ, ಆಡಳಿತದ ಒಪ್ಪಿಗೆ ಬೇಕು. ಎರಡೂ ಪ್ರಶ್ನೆಗೆ ಉತ್ತರ ಹೇಳುವ ಇಂಜಿನಿಯರ್ ಮೊದಲು ಕೇಳುವುದು ನೀವು ಬರೆದಿಟ್ಟ ಮಟ್ಟದ ಅಂಕಿಗಳನ್ನು.